ಆವಲಪ್ಪ ತಾತನ ಹಸಿಮಣ್ಣಿನ ಕೂಸು

ಡಿಸೆಂಬರ್ ಬಂತೆಂದರೆ ನನಗೆ ಮೈಕೈ ನೋವು ಶುರು. ಚಿಕ್ಕಬಳ್ಳಾಪುರದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಸಣ್ಣ ಮಕ್ಕಳ ಟೀಚರ್. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಥರ್ಮೋಕೋಲ್ ಕತ್ತರಿಸುವುದು ನಾನು, ಹತ್ತಿ ಹಿಂಜಿ ಹಿಮ ಅಂಟಿಸುವುದು ನಾನು, ಕುರಿಮರಿಯ ವೇಷ ಹಾಕಿದ ಮಗು ಅತ್ತರೆ ಮೂಗು ಒರೆಸುವುದೂ ನಾನೇ. ಚಿಕ್ಕಬಳ್ಳಾಪುರದಲ್ಲಿ ಹಿಮ ಬೀಳುವುದನ್ನು ಯಾವ ಪುಣ್ಯಾತ್ಮ ಕಂಡಿದ್ದನೋ ಕಾಣೆ. ನಂದಿಬೆಟ್ಟದ ಮಂಜು ಸಾಲದೇ ಎಂದರೆ ಹೆಡ್‌ಮಿಸ್ ನಕ್ಕು ಇನ್ನಷ್ಟು ಹತ್ತಿ ತರಿಸುತ್ತಾರೆ. 2006ರಲ್ಲೂ ಹಾಗೇ ಆಯಿತು. ಎಲ್ಲ ಮುಗಿಸಿ, ಬೆರಳಿಗೆ ಅಂಟಿದ ಗೋಂದು ಕೆರೆದುಕೊಳ್ಳುತ್ತ ಚಿಂತಾಮಣಿಯ ಬಸ್ಸು ಹತ್ತಿದೆ. ತವರಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕು, ಬೇರೇನೂ ಬೇಡವಾಗಿತ್ತು.

ಮಲಗಲು ಯಾರು ಬಿಡುತ್ತಾರೆ? ನಾನು ಕಾಲು ಚಾಚುವಷ್ಟರಲ್ಲಿ ಪಕ್ಕದ ಮನೆಯ ಕದಿರಮ್ಮ ಅಜ್ಜಿ ಬಂದು ಹೊಸ್ತಿಲ ಮೇಲೆ ಕೂತಳು. ತಾತನ ಕೈ ನಡುಗುವುದು ಜಾಸ್ತಿಯಾಗಿದೆ, ಮುದ್ದೆ ಮುರಿಯಲೂ ಆಗುತ್ತಿಲ್ಲ, ನಾಳೆ ಸಾಯಂಕಾಲ ಚರ್ಚಿನ ಮಣ್ಣಿನ ಕೂಸಿಗೆ ಕಣ್ಣು ತೆರೆಸುವುದು ಹೇಗೆ ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ನನಗೆ ಅಯ್ಯೋ ಅನ್ನಿಸಿತು. ನಿಜ ಹೇಳಬೇಕೆಂದರೆ, ಅದರ ಜೊತೆಗೇ ಇನ್ನೊಂದು ಕೆಲಸ ಮೈಮೇಲೆ ಬಂತಲ್ಲ ಎಂದೂ ಅನ್ನಿಸಿತು.

ತಾತ ಎಂದರೆ ಆವಲಪ್ಪ, ನಮ್ಮ ಬೀದಿಯ ಕುಂಬಾರ. ಕೈವಾರದ ಕಡೆಯವನು. ಕದಿರಮ್ಮನನ್ನು ಕಟ್ಟಿಕೊಂಡು ಮನೆ ಅಳಿಯನಾಗಿ ಬಂದು, ಮಾವನ ತಿಗರಿಯನ್ನೇ ತಿರುಗಿಸುತ್ತ ಮುದುಕನಾದವನು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎರಡರಲ್ಲೂ ಮಾತು ಕಡಿಮೆ. ಬೇಸಿಗೆಗೆ ನೀರಿನ ಮಡಕೆ, ಭಾದ್ರಪದಕ್ಕೆ ಗೌರಿ ಗಣೇಶ, ಮದುವೆಗೆ ಬಣ್ಣದ ಗಡಿಗೆ ಮಾಡುತ್ತಿದ್ದ. ಕೆಲಸ ಮುಗಿದ ಮೇಲೆ ಉಳಿದ ಮಣ್ಣು ನಮ್ಮ ಪಾಲು. ಅದರಲ್ಲಿ ನಮಗೆ ಬೆರಳುದ್ದದ ಒಲೆ, ಕುಡಿಕೆ, ಬೀಸುವ ಕಲ್ಲು, ಬಾಲದಲ್ಲಿ ಊದಿದರೆ ಕೂಗುವ ಗುಬ್ಬಿ, ಗಾಲಿಯ ಮೇಲೆ ನಿಂತ ಬಸವ. ಬದಲಿಗೆ ನಾವು ಅವನಿಗೆ ಮಣ್ಣು ತುಳಿದು ಕೊಡಬೇಕು. ಅದನ್ನೂ ನಾವು ಆಟವೆಂದೇ ತಿಳಿದಿದ್ದೆವು, ಮುದುಕ ಒಳ್ಳೆಯ ಬುದ್ಧಿವಂತ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನಮಗೆ ದೊಣ್ಣೆಯೂ ಬೇಕಿರಲಿಲ್ಲ. ಬಸವನ ಕೊಂಬು ಮನೆ ಸೇರುವ ಮೊದಲೇ ಮುರಿದಿರುತ್ತಿತ್ತು. ಅವನ ಹಿತ್ತಲ ಒಡಕು ಮಡಕೆಯ ಗುಡ್ಡೆಯೂ ನಮ್ಮದೇ. ಲಗೋರಿಗೆ, ಕುಂಟೆಬಿಲ್ಲೆಗೆ ಅಲ್ಲಿಂದಲೇ ಬಿಲ್ಲೆ ಆರಿಸಿಕೊಳ್ಳುತ್ತಿದ್ದೆವು.

ಬೀದಿಯ ಕೊನೆಗೆ ಒಂದು ಸಣ್ಣ ಚರ್ಚು ಇದೆ. ಕ್ರಿಸ್‌ಮಸ್‌ಗೆ ಅಲ್ಲಿ ಗೋದಲಿ ಕಟ್ಟುತ್ತಾರೆ. ದನದ ಕೊಟ್ಟಿಗೆ, ಅದರಲ್ಲಿ ತಾಯಿ, ತಂದೆ, ಕುರುಬರು, ನಡುವೆ ಹುಲ್ಲಿನ ಮೇಲೆ ಕೂಸು ಯೇಸು. ನಾನು ಹುಟ್ಟುವುದಕ್ಕೂ ಮುಂಚೆ ಒಂದು ಸಲ ಕೂಸಿನ ಬೊಂಬೆ ಕೈಜಾರಿ ಒಡೆದುಹೋಯಿತಂತೆ. ಆಗಿನ ಫಾದರ್ ಆವಲಪ್ಪನನ್ನು ಕೇಳಿದರು. ಅವನಿಗೆ ಆ ದೇವರ ಪರಿಚಯವಿಲ್ಲ, ಆದರೆ ಕೂಸು ಕೂಸೇ ತಾನೆ ಎಂದು ಒಪ್ಪಿಕೊಂಡ. ಮಾಡಿ ತಂದದ್ದಕ್ಕೆ ಕಣ್ಣಿರಲಿಲ್ಲ. ಕಣ್ಣು ಹಬ್ಬದ ಹೊತ್ತಿಗೆ, ಮೊದಲೇ ತೆರೆಸಿದರೆ ಅಷ್ಟು ದಿನ ನೋಡಿಕೊಳ್ಳುವವರು ಯಾರು ಎಂದನಂತೆ. ಸರಿ, ಹಾಗೇ ಆಯಿತು. ಹಬ್ಬದ ಮಾರನೆಯ ದಿನ ತಲೆಗೆ ಟವಲ್ ಸುತ್ತಿಕೊಂಡು, ಬೀದಿಯ ಮಕ್ಕಳನ್ನೆಲ್ಲ ಹಿಂದೆ ಹಾಕಿಕೊಂಡು ಮತ್ತೆ ಬಂದ. ಯಾಕಪ್ಪ ಎಂದರೆ, ಕೂಸನ್ನು ಕೆರೆಗೆ ಬಿಡಲು. ಫಾದರ್ ಗಾಬರಿಯಾಗಿ, ನಮ್ಮಲ್ಲಿ ಹಾಗೆಲ್ಲ ಬಿಡುವುದಿಲ್ಲ ಎಂದು ವಿವರಿಸಿದರು. ಆವಲಪ್ಪ ತಲೆ ಕೆರೆದುಕೊಂಡು ಕೇಳಿದ್ದನ್ನು ನಮ್ಮ ಬೀದಿಯವರು ಇವತ್ತಿಗೂ ಹೇಳುತ್ತಾರೆ.

“ಕಳಿಸ್ಕೊಡ್ದಿದ್ರೆ ಮುಂದಿನ್ ವರ್ಷ ಹೆಂಗ್ ಬರ್ತದೆ ಸ್ವಾಮಿ?”

ಫಾದರ್ ಬಹಳ ಹೊತ್ತು ನಕ್ಕರಂತೆ. ಆಮೇಲೆ ಕೂಸನ್ನು ಚರ್ಚಿನ ಮಲ್ಲಿಗೆ ಬಳ್ಳಿಯ ಬುಡದಲ್ಲಿಟ್ಟು ತಾವೇ ನೀರು ಹೊಯ್ದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸ ಕೂಸು. ಸುಡುವುದಿಲ್ಲ, ಬಣ್ಣ ಹಚ್ಚುವುದಿಲ್ಲ. ಒದ್ದೆ ಬಟ್ಟೆ ಸುತ್ತಿಟ್ಟ ಹಸಿಮಣ್ಣು, ಕೊನೆಗೆ ಕಾಡಿಗೆಯ ಎರಡು ಕಣ್ಣು.

ನಾವು ಮಾರಮ್ಮನ ಒಕ್ಕಲು, ಆದರೂ ನನ್ನ ಬಾಲ್ಯದ ದೊಡ್ಡ ಹಬ್ಬ ಅದೇ. ತಿಂಗಳ ಮೊದಲೇ ತೆಂಗಿನ ಚಿಪ್ಪಿನಲ್ಲಿ ರಾಗಿ ಚೆಲ್ಲಿ, ಗೋದಲಿಗೆ ಹಸಿರು ಬೆಳೆಸುತ್ತಿದ್ದೆವು. ಯಾರ ಚಿಪ್ಪಿನ ಪೈರು ಎತ್ತರ ಎಂದು ಗೆರೆ ಹಾಕಿ ಜಗಳವಾಡುತ್ತಿದ್ದೆವು. ಹಬ್ಬದ ಹಿಂದಿನ ಸಂಜೆ ತಾತ ಗೋದಲಿಯ ಮುಂದೆ ಮಂಡಿಯೂರಿ ಕೂತರೆ ನಾವು ಎದುರಿಗೆ ಸಾಲಾಗಿ ಕೂರಬೇಕು. ದೊಡ್ಡವರು ಹಿಂದೆ, ಯಾಕೆಂದರೆ ಕೂಸಿನ ಮೊದಲ ನೋಟ ಮಕ್ಕಳ ಮೇಲೇ ಬೀಳಬೇಕು. ಉಸಿರು ಬಿಟ್ಟರೆ ಕಣ್ಣು ಮೆಳ್ಳೆಯಾಗುತ್ತದೆ ಎಂದು ಹೆದರಿಸಿರುತ್ತಿದ್ದ. ಮೂಗು ಹಿಡಿದುಕೊಂಡು ಕೂರುತ್ತಿದ್ದೆವು. ಕುಂಚ ಎರಡು ಸಲ ಆಡಿತೋ ಇಲ್ಲವೋ, ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನನ್ನನ್ನೇ, ಪಕ್ಕದವಳನ್ನಲ್ಲ. ಅವಳೂ ಹಾಗೇ ಹೇಳುತ್ತಿದ್ದಳು, ಸುಳ್ಳಿ. ಮುಂದಿನ ಯುಗಾದಿಯವರೆಗೂ ಅದೇ ಜಗಳ ನಡೆಯುತ್ತಿತ್ತು. ಕೇಕು, ಬಲೂನು, ಕ್ರಿಸ್‌ಮಸ್ ತಾತ ಯಾವುದೂ ನನ್ನನ್ನು ಅಷ್ಟು ಕುಣಿಸಿಲ್ಲ. ಈಗ ನನ್ನ ತರಗತಿಯಲ್ಲಿ ಹತ್ತಿಯ ಹಿಮ ಕಂಡು ಮಕ್ಕಳು ಚಪ್ಪಾಳೆ ತಟ್ಟುವಾಗ, ಪಾಪ, ಇವಕ್ಕೆ ಏನೂ ಗೊತ್ತಿಲ್ಲ ಅನ್ನಿಸುತ್ತದೆ.

ಕದಿರಮ್ಮನ ಜೊತೆ ಹಿತ್ತಲಿಗೆ ಹೋದೆ. ತಾತ ಬಿಸಿಲಿಗೆ ಕೂತು ಒಡಕು ಬಿಲ್ಲೆಗಳ ಮೇಲೆ ಕಣ್ಣು ಬರೆಯುತ್ತಿದ್ದ. ದೀಪಾವಳಿಯಿಂದಲೂ ಇದೇ ಅಭ್ಯಾಸವಂತೆ. ಪಕ್ಕದಲ್ಲಿ ರಾಶಿ ಬಿದ್ದಿತ್ತು. ಒಂದು ಕಣ್ಣೂ ನೆಟ್ಟಗಿರಲಿಲ್ಲ. ರೆಪ್ಪೆ ಹಣೆಗೆ ಹೋಗಿತ್ತು, ಕರಿಗುಡ್ಡೆ ಕೆನ್ನೆಗೆ ಇಳಿದಿತ್ತು. ಬೀದಿಯ ಹುಡುಗಿಯರು ಅವನ್ನೇ ಎತ್ತಿಕೊಂಡು ಹೋಗಿ ಕುಂಟೆಬಿಲ್ಲೆ ಆಡುತ್ತಿದ್ದರು. ಆ ಮೆಳ್ಳೆಗಣ್ಣುಗಳ ಮೇಲೆ ಅವರು ಕುಂಟುವುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ.

ಈಗಿನ ಫಾದರ್ ಒಳ್ಳೆಯವರು. ಬೆಂಗಳೂರಿನಿಂದ ಸಿದ್ಧ ಬೊಂಬೆ ತರಿಸುತ್ತೇನೆ, ನೀವು ದಣಿಯಬೇಡಿ ಎಂದಿದ್ದರಂತೆ. ತಾತ ಬೇಡವೆಂದಿದ್ದ. ಕದಿರಮ್ಮನ ಉಪಾಯ ಬೇರೆ ಇತ್ತು. ನಾನು ಶಾಲೆಯಲ್ಲಿ ಚಿತ್ರ ಬರೆಯುವವಳು, ಕಣ್ಣು ನಾನು ಮನೆಯಲ್ಲೇ ಬರೆದಿಟ್ಟು, ಅಲ್ಲಿ ಅವನು ಬರೀ ಕುಂಚ ಆಡಿಸಿದರೆ ಯಾರಿಗೆ ತಿಳಿಯುತ್ತದೆ? ನಾನೂ ಸರಿಯೆಂದೆ. ತಾತ ಕುಂಚ ಕೆಳಗಿಟ್ಟು ನನ್ನ ಮುಖ ನೋಡಿದ.

“ಮಾಡಿದ ಕೈನೇ ಕಣ್ಣು ಕೊಡ್ಬೇಕು ಕಣಮ್ಮ. ಇಲ್ದಿದ್ರೆ ಅದು ಮಣ್ಣು, ಅಷ್ಟೇ.”

“ಚಾಲು ಇಂಕ,” ಎಂದಳು ಕದಿರಮ್ಮ. ಇನ್ನು ಸಾಕು ಮಾಡು ಎಂದು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವು. ಅವನು ಕೇಳಿಸದವನಂತೆ ಇನ್ನೊಂದು ಬಿಲ್ಲೆ ಎತ್ತಿಕೊಂಡ.

ಮರುದಿನ ಸಂಜೆ ಚರ್ಚು ತುಂಬಿತ್ತು. ವಿಷಯ ಎಲ್ಲರಿಗೂ ಗೊತ್ತಿದ್ದರಿಂದ ದೊಡ್ಡವರು ಎಂದಿಗಿಂತ ಹೆಚ್ಚೇ ಬಂದಿದ್ದರು. ಮುದುಕನ ಕೈ ನೋಡಲು ಬಂದವರ ಮೇಲೆ ನನಗೆ ಮೈ ಉರಿಯಿತು. ಮಕ್ಕಳಿಗೆ ಅದೊಂದೂ ಬೇಕಿರಲಿಲ್ಲ. ಮೊದಲ ನೋಟಕ್ಕಾಗಿ ಒಬ್ಬರನ್ನೊಬ್ಬರು ನೂಕಿಕೊಂಡು ಎದುರಿಗೆ ಕೂತಿದ್ದರು. ತಾತ ಬಂದು ಮಂಡಿಯೂರಿದ. ಒದ್ದೆ ಬಟ್ಟೆ ಬಿಚ್ಚಿದ. ಕುಂಚವನ್ನು ಕಾಡಿಗೆಯಲ್ಲಿ ಅದ್ದಿ ಕೂಸಿನ ಮುಖದ ಹತ್ತಿರ ತಂದ. ಕುಂಚದ ತುದಿ ಗಾಳಿಯಲ್ಲೇ ಬರೆಯತೊಡಗಿತು. ಹಿಂದಕ್ಕೆ ತೆಗೆದು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದು ಮತ್ತೆ ತಂದ. ಈಗ ಎರಡೂ ಕೈ ನಡುಗಿದವು. ಹಿಂದೆ ಯಾರೋ ಲೊಚಗುಟ್ಟಿದರು. ಮಕ್ಕಳು ಇನ್ನು ತಡೆಯಲಾರದೆ ಒಬ್ಬೊಬ್ಬರಾಗಿ ಉಸಿರು ಬಿಟ್ಟರು.

ತಾತ ಕುಂಚವನ್ನು ಪಕ್ಕಕ್ಕಿಟ್ಟ. ಮುಗಿಯಿತು, ಎದ್ದು ಹೋಗುತ್ತಾನೆ ಎಂದುಕೊಂಡೆ. ನನಗೆ ಅಳುವೇ ಬಂತು. ಅವನು ಹೋಗಲಿಲ್ಲ. ಹೆಬ್ಬೆರಳನ್ನು ಪಕ್ಕದ ಕುಡಿಕೆಯ ನೀರಿಗೆ ಅದ್ದಿ, ಕಣ್ಣಿರಬೇಕಾದ ಜಾಗಕ್ಕೆ ಒತ್ತಿ ಕೆಳಕ್ಕೆಳೆದ. ಆಮೇಲೆ ಇನ್ನೊಂದು ಕಡೆ. ಮಣ್ಣಿನೊಳಗೆ ಇಳಿದ ಬೆರಳು ನಡುಗಲಿಲ್ಲ, ಅಥವಾ ನಡುಗಿದ್ದನ್ನು ಮಣ್ಣೇ ಹಿಡಿದುಕೊಂಡಿತು. ಕೊನೆಗೆ ಉಗುರಿನಿಂದ ಒಂದೊಂದು ಗೀರು. ಮುಚ್ಚಿದ ಎರಡು ರೆಪ್ಪೆ ಮೂಡಿದವು. ಕೂಸು ನಿದ್ದೆ ಹೋಗಿತ್ತು.

ಮುಂದೆ ಕೂತಿದ್ದ ಪುಟ್ಟ ಹುಡುಗಿ ಮೌನಿಕಾಳಿಗೆ ಭಾರಿ ನಿರಾಸೆಯಾಯಿತು. ಹಾಗಾದರೆ ಅದು ಯಾರನ್ನು ನೋಡಿತು ಎಂದು ಕೇಳಿಯೇಬಿಟ್ಟಳು.

“ಯಾರ್ನೂ ಇಲ್ಲ ಕಣಮ್ಮ. ಈಗ ತಾನೆ ಹುಟ್ಟೈತೆ, ಸುಸ್ತಾಗಿ ಮಲಗೈತೆ,” ಎಂದ ತಾತ. “ಈ ಸಲ ನೀವೇ ಅದನ್ನ ನೋಡ್ರಿ.”

ಮಕ್ಕಳು ತುದಿಗಾಲಲ್ಲಿ ಒಬ್ಬೊಬ್ಬರಾಗಿ ಹೋಗಿ ಬಗ್ಗಿ ನೋಡಿದರು. ಅವರ ಹಿಂದೆ ನಾನೂ ಹೋದೆ. ಅಷ್ಟು ವರ್ಷ ಆ ಗೋದಲಿಯ ಮುಂದೆ ಕೂತವಳು ನಾನು, ಆದರೆ ಕೂಸು ನನ್ನನ್ನು ನೋಡಿತೇ ಎಂಬುದೊಂದೇ ನನಗೆ ಬೇಕಾಗಿತ್ತು. ಈಗ ಮೇಲಿನ ತುಟಿ ಸ್ವಲ್ಪ ಮುಂದೆ ಬಂದಿರುವುದು ಕಂಡಿತು, ಹಾಲು ಕುಡಿದು ಬಿಟ್ಟ ಹಾಗೆ. ಕಿವಿಯ ಹಿಂದೆ ಚರ್ಮ ಮಡಿಚಿದ ಸಣ್ಣ ಗೆರೆ ಇತ್ತು. ಮಡಿಸಿದ ಬೆರಳುಗಳು ರಾಗಿಕಾಳಿಗಿಂತ ಸ್ವಲ್ಪವೇ ದಪ್ಪ. ಒಂದೊಂದು ಬೆರಳಿಗೂ ಉಗುರಿತ್ತು. ನಡುಗುವ ಕೈಯಲ್ಲಿ ಮಾಡಿದ್ದಕ್ಕೆ ಕೆಲವು ಸೊಟ್ಟಗಿದ್ದವು.

ತಾತ ಗೋಡೆಗೆ ಒರಗಿ ಕೈಗಳನ್ನು ಟವಲಿನಲ್ಲಿ ಸುತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಕೂತು, ಪ್ರತಿ ವರ್ಷವೂ ಉಗುರು ಮಾಡುತ್ತಿದ್ದೆಯಾ ಎಂದು ಕೇಳಿದೆ.

“ಹ್ಞೂ ಕಣಮ್ಮ,” ಎಂದ. “ಕೂಸಂದ್ಮೇಲೆ ಉಗುರು ಇರಲ್ವಾ?”