ಮೀನಿನ ಹಿಂದ ಅತ್ತಿ, ಅತ್ತಿ ಹಿಂದ ನಾ

ಹಸಿವಿ ಅಂದ್ರ ಏನಂತ ನನಗ ಕೇಳ್ರಿ. ಬಡವರ ಮನಿ ಹಸಿವಿ ಅಲ್ಲರಿ ಅದು. ಬುಟ್ಟಿ ತುಂಬ ಜ್ವಾಳದ ರೊಟ್ಟಿ, ಗಡಗಿ ತುಂಬ ಪುಂಡಿಪಲ್ಯ, ಅದರ ಮುಂದ ಕುಂತು ಹಸಿದಾಕಿ ನಾನು. ಅದೂ ಮೀನಿನ ಸಲುವಾಗಿ! ಹುಟ್ಟಿದಾಗಿಂದ ಮೀನಿನ ವಾಸನಿ ತಗೊಂಡವರಲ್ಲ ನಾವು, ಬಸವಣ್ಣನ ಒಕ್ಕಲು.

ನಿಜಾಮರ ರಾಜ್ಯ ಆಗ. ಭಾಲ್ಕಿ ದಾಟಿ ಔರಾದಿಗಿ ಹೋಗೋ ದಾರಿಯಾಗ ನನ್ನ ಅತ್ತಿಮನಿ. ಮನಿ ಹಿಂದ ಹಳ್ಳ, ಹಳ್ಳದಾಗ ಕಲ್ಲಿನ ಮೆಟ್ಟಲಿನ ಒಂದು ಮಡು. ಮಳಿಗಾಲದಾಗ ಮಾಂಜ್ರಾ ನದಿಯಿಂದ ಮೀನು ಹತ್ತಿ ಬಂದು ಆ ಮಡುವಿನ್ಯಾಗ ಇರ್ತಿದ್ವು. ನಮ್ಮ ಅತ್ತಿದು ದಾಸೋಹದ ನೇಮ: ಶ್ರಾವಣ ತಿಂಗಳು ಪೂರಾ, ಇನ್ನೊಂದು ಜೀವಕ್ಕ ಉಣಿಸದ ಹೊರತು ಬಾಯಾಗ ತುತ್ತು ಇಡಾಂಗಿಲ್ಲ. ದಿನಾ ಜಂಗಮರು ಎಲ್ಲಿಂದ ಬರ್ಬೇಕು? ಅದಕ್ಕ ಆಕಿ ಮೀನಿಗಿ ಉಣಿಸೋದು ಗೊತ್ತು ಮಾಡ್ಕೊಂಡಿದ್ಳು. ಮೊದಲ ಮೀನು, ಆಮ್ಯಾಲ ಅತ್ತಿ, ಅತ್ತಿ ಉಂಡು ಕೈ ತೊಳದ ಮ್ಯಾಲ ಸೊಸಿ. ನನ್ನ ಗಂಡ? ಅಂವ ಬುತ್ತಿ ಕಟ್ಕೊಂಡು ಹೊಲಕ್ಕ ಹೋಗ್ತಿದ್ದ, ಅಂವಗ ಯಾವ ನೇಮದ ಗೊಡವಿನೂ ಇರಲಿಲ್ಲ.

ನನ್ನ ಮದಿವ್ಯಾದ ಮರುವರ್ಷ, ಬೀದರದಾಗ ಕುಂತ ಒಬ್ಬ ಸಾಹುಕಾರ ತನ್ನ ಪೇರಲ ಬಗೀಚಕ್ಕ ನೀರು ನಿಲ್ಲಸ್ಲಾಕ ಮಡುವಿನ ಕೆಳಗ ಹಳ್ಳಕ್ಕ ಅಡ್ಡ ಕಲ್ಲಿನ ಒಡ್ಡು ಕಟ್ಟಿಸಿದ. ಮೀನು ಮ್ಯಾಲ ಬರೋದು ಬಂದ್ ಆಯ್ತು. ಆ ಶ್ರಾವಣದಾಗ ಅತ್ತಿ ರೊಟ್ಟಿ ಹಿಡ್ಕೊಂಡು ಮೆಟ್ಟಲ ಮ್ಯಾಲ ಕೂಡಾಕಿ. ಹೊತ್ತು ಮುಣಗಿದ ಮ್ಯಾಲ ಎದ್ದು ಬಂದು ಒಂದು ಬಟ್ಟಲ ಹಾಲು ಕುಡದು ಬೀಳಾಕಿ. ಅತ್ತಿ ಹಾಲಿನ ಮ್ಯಾಲ ಇದ್ರ ಸೊಸಿ ರೊಟ್ಟಿ ಮುರಿಲಾಕ ಬರ್ತದೇನ್ರಿ?

"ಆಕಳಿಗಿ ಹಾಕ್ರಿ ಅತ್ತಿ," ಅಂದೆ. "ನಾಯಿಗಿ ಹಾಕ್ರಿ. ಕಾಗಿಗಿ ಹಾಕ್ರಿ."

"ಆಕಳು ಉಂಡದ. ನಾಯಿ ಉಂಡದ," ಅಂದ್ಳು. "ಮೀನಿಗಿ ಮಾತು ಕೊಟ್ಟೀನಿ."

ಮೀನಿಗಿ ಮಾತು! ನನ್ನ ಹಣಿಬರಾ.

ಮೊದಲನೇ ಶ್ರಾವಣ ಹ್ಯಾಂಗೋ ದಾಟ್ತು. ಎರಡನೇದರಾಗ ಅತ್ತಿಗಿ ಕಣ್ಣು ಕತ್ತಲಿ ಬಂದು ಮೆಟ್ಟಲ ಮ್ಯಾಲೇ ಬಿದ್ಳು. ಮೂರನೇ ಶ್ರಾವಣ ಮುಗಿಯೋದು ಆಕಿ ಕಾಣಂಗಿಲ್ಲ ಅಂತ ಊರಿಗೆಲ್ಲ ಗೊತ್ತಾಯ್ತು. ಒಡ್ಡು ತಗಿಸ್ರಿ ಅಂತ ಹಿರ್ಯಾರು ಕಚೇರಿಗಿ ಅರ್ಜಿ ಹಾಕಿದ್ರು.

ಮೃಗಶಿರಾ ಮಳಿಯಾಗ ಕಚೇರಿಯಿಂದ ಒಬ್ಬ ಸಾಹೇಬ ಒಡ್ಡು ನೋಡ್ಲಾಕ ಬಂದ. ಒಡ್ಡಿನ ಮ್ಯಾಲೇ ಕುಂತು, ತೊಡಿ ಮ್ಯಾಲ ಕಾಗದ ಇಟ್ಕೊಂಡು, "ಫಿರ್ಯಾದಿ ಯಾರು?" ಅಂತ ಕೇಳಿದ.

"ಮೀನ್ರಿ ಸಾಹೇಬ್ರ," ಅಂದ್ರು ಹಿರ್ಯಾರು.

"ನೀವು ಮೀನು ತಿಂತೀರೇನು?"

"ಶಿವಶಿವಾ! ಇಲ್ರಿ."

"ಹಿಡಿದು ಮಾರ್ತೀರೇನು?"

"ಇಲ್ರಿ."

"ಮತ್ತ ಮೀನು ಯಾಕ ಬೇಕು?"

"ಮೀನಿನ ಊಟ ಆದ್ರ ನಮ್ಮ ಮುದುಕಿ ಉಣ್ತಾಳ್ರಿ."

ಸಾಹೇಬ ಬರಿಯೋದು ನಿಲ್ಲಿಸಿ ಎಲ್ಲರ ಮಾರಿ ನೋಡಿದ. "ಫಿರ್ಯಾದಿ ಹಾಜರ್ ಇಲ್ಲ, ಮಾಮ್ಲಾ ಖಾರಿಜ್" ಅಂತ ಅಂವ ಅರ್ಜಿ ತಳ್ಳಿ ಹಾಕೋದಕ್ಕೂ, ಒಡ್ಡಿನ ಕೆಳಗಿಂದ ಮೊಳದುದ್ದದ ಮೀನೊಂದು ಜಿಗಿದು ಅವನ ಎದಿಗಿ ಬಡದು ಕಾಗದದ ಮ್ಯಾಲ ಬೀಳೋದಕ್ಕೂ ಸರಿ ಆಯ್ತು. ಸಾಹೇಬ ಯಾ ಅಲ್ಲಾ ಅಂತ ಚೀರಿದ. ಮೀನು ಒದ್ದಾಡಿ ತಿರುಗಿ ನೀರಿಗಿ ಬಿತ್ತು. ಆಮ್ಯಾಲ ಸಾಹೇಬ ಶೇರವಾನಿ ಒರಸ್ಕೊಂಡು, ಹಸಿ ಕಾಗದದ ಮ್ಯಾಲ ಬರದು, ಜೋರಾಗಿ ಓದಿ ಹೇಳಿದ: "ಫಿರ್ಯಾದಿ ಖುದ್ದು ಹಾಜರ್."

ಹುಕುಂ ಬರೋ ತನಕ ಸುಮ್ನ ಕೂಡೋ ಮಂದಿಯೇನ್ರಿ ನಮ್ಮೋರು? ಲಗೂನ ಬರ್ಲಿ ಅಂತ ಆ ಒಡ್ಡಿನ ನಡುಗಲ್ಲಿಗೇ ಈಬತ್ತಿ ಬಳದು, ಪತ್ರಿ ಏರಿಸಿ, "ನಮ್ಮಪ್ಪಾ, ಒಡ್ಡು ತಗಿಯೋ ಹುಕುಂ ಬಂದ್ರ ನಿನಗ ಕಾಯಿ ಒಡಿಸ್ತೀವಿ" ಅಂತ ಬೇಡ್ಕೊಂಡ್ರು. ಒಡ್ಡು ಹೋಗ್ಲಿ ಅಂತ ಒಡ್ಡಿಗೇ ಬೇಡ್ಕೊಂಡ ಮಂದಿ ಇವ್ರು! ದಿನಾ ದೀಪ ಬ್ಯಾರೆ.

ಶ್ರಾವಣದ ಐದನೇ ದಿನ ಹುಕುಂ ಬಂತು. ಕಲ್ಲು ಕೆಲಸದ ಆಳುಗಳು ಕಬ್ಬಿಣದ ಹಾರಿ ಹೊತ್ಕೊಂಡು ಬಂದ್ರು. ನಡುಗಲ್ಲು ನೋಡಿ ಹಾರಿ ಕೆಳಗಿಟ್ರು.

"ಈಬತ್ತಿ ಹಚ್ಚಿದ ದೇವ್ರಿಗಿ ನಾವು ಹಾರಿ ಹಾಕಾಂಗಿಲ್ರಿ."

ಹಿರ್ಯಾರು ತೆಲಿ ಕೆರ್ಕೊಂಡ್ರು. ಹಂಗಾದ್ರ ದೇವ್ರಿಗೇ ಕೇಳೋಣು ಅಂದ್ರು. ಕಲ್ಲಿಗಿ ಹೂ ಹಚ್ಚೋದು; ಬಲಕ್ಕ ಬಿದ್ರ ಅಪ್ಪಣಿ, ಎಡಕ್ಕ ಬಿದ್ರ ಇಲ್ಲ. ನೀರು ಸಿಡಿದು ಹಸಿಯಾದ ಕಲ್ಲಿಗಿ ಹೂ ಅಂಟ್ಕೊಂಡು ಬಿಡ್ತು. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ಇಡೀ ಊರು ಕೈ ಮುಗದು ಹೂವಿನ ಮಾರಿ ನೋಡ್ಕೋತ ನಿಂತಿತು. ಮಧ್ಯಾಹ್ನ ಆಯ್ತು. ಐದು ದಿನದಿಂದ ಹಾಲಿನ ಮ್ಯಾಲಿದ್ದ ಅತ್ತಿ ನನ್ನ ಭುಜ ಹಿಡ್ಕೊಂಡು ನಡಗ್ತಿದ್ಳು.

ನನಗ ತಡಿಲಿಲ್ಲ. ಹಿರ್ಯಾರ ಮುಂದ ಎಂದೂ ಬಾಯಿ ತೆರಿಯದಾಕಿ ನಾ, "ನಿಮ್ಮ ಬುದ್ಧಿಗಿ ಬೆಂಕಿ ಬೀಳ್ಲಿ! ಹೂ ಬೀಳೋದ್ರಾಗ ನಮ್ಮತ್ತಿ ಬೀಳ್ತಾಳ!" ಅಂತ ಚೀರಿದೆ.

ಅತ್ತಿ ನನ್ನ ಭುಜ ಬಿಟ್ಟು ನೀರಿಗಿ ಇಳದ್ಳು. ಕೊಳ್ಳಾಗಿನ ಲಿಂಗದ ಕರಡಗಿ ಮುಟ್ಟಿ, "ನನ್ನ ದೇವ್ರು ಇಲ್ಲಿ ಅದಾನ. ಇದು ಕಲ್ಲು," ಅಂದು ಹಾರಿಗಿ ಕೈ ಹಾಕಿದ್ಳು. ಎತ್ತಲಾಕ ಆಗ್ಲಿಲ್ಲ. ನಾನೂ ಇಳಿದು ಹಿಡದೆ. ಇಬ್ಬರೂ ಹಸಿದವರೇ, ಒಬ್ಬಾಕಿ ಬಿದ್ರ ಇನ್ನೊಬ್ಬಾಕಿ ಹಿಡಿಬೇಕು. ಮೀಟಿ ಮೀಟಿ ಕಡೀಕ ನಡುಗಲ್ಲು ಹೂವಿನ ಸಮೇತ ಉರುಳ್ತು. ಕಲ್ಲಿನ ಸಂಗಟ ದೇವ್ರೂ ಹ್ವಾದ ಅಂತ ಆಳುಗಳು ಇಳಿದು ಉಳಿದ ಒಡ್ಡು ಕಿತ್ತಿ ಒಗದ್ರು.

ಮೀನು ಹತ್ತಿದ್ವು ನೋಡ್ರಿ, ಒಂದರ ಮ್ಯಾಲ ಒಂದು! ಅತ್ತಿ ಮಡುವಿನ ಮೆಟ್ಟಲ ಮ್ಯಾಲ ಕುಂತು ರೊಟ್ಟಿ ಮುರಿದು ಹಾಕಿದ್ಳು. ಒಂದೂ ಬಾಯಿ ಹಚ್ಚಲಿಲ್ಲ. ಎರಡು ವರ್ಷ ತಡದು ನಿಂತವು, ಮಡುವಿನ್ಯಾಗ ನಿಲ್ಲಲೇ ಇಲ್ಲ. ಸೀದಾ ಮ್ಯಾಲ ಹೊಂಟು ಹ್ವಾದ್ವು. ರೊಟ್ಟಿ ಚೂರು ತೇಲ್ಕೋತ ಕೆಳಗ ಹ್ವಾದ್ವು.

ನನ್ನ ಕಣ್ಣಾಗ ನೀರು ಬಂತು, ಸಿಟ್ಟಿನ ನೀರು. ಇಷ್ಟೆಲ್ಲ ಮಾಡಿ ಇವತ್ತೂ ಹಾಲೇ!

ಅತ್ತಿ ಕೈಯಾಗಿನ ಕಡೀ ತುಂಡು ನೋಡಿದ್ಳು. ಆಮ್ಯಾಲ ತಿರುಗಿ ನನಗ ನೋಡಿದ್ಳು. ತೊಯ್ದ ಸೀರಿ, ಹಾರಿ ಹಿಡಿದು ಸುಲದ ಅಂಗೈ, ಬತ್ತಿದ ಗಲ್ಲ. ಮೂರು ಶ್ರಾವಣದಾಗ ಆಕಿ ನನಗ ಹಂಗ ನೋಡಿದ್ದು ಅದೇ ಮೊದಲ.

"ಬಾ ಇಲ್ಲಿ. ಬಾಯಿ ತೆರಿ," ಅಂದ್ಳು.

ರೊಟ್ಟಿ ನನ್ನ ಬಾಯಾಗ ಇಟ್ಳು.

"ನಾ ಮೀನಲ್ರಿ ಅತ್ತಿ," ಅಂದೆ, ಅಗಿಯೋದು ಮಾತ್ರ ಬಿಡಲಿಲ್ಲ.

"ಗೊತ್ತದ," ಅಂದ್ಳು. "ಮೊದಲ ನೀ ಉಣ್ಣು."