ಸರಪಳಿ ಮರಕ್ಕೆ ಬೆನ್ನು ಹಾಕಿ

ನನ್ನ ಯಜಮಾನರಿಗೂ ನನ್ನ ಅವ್ವನಿಗೂ ತಿಂಗಳುಗಟ್ಟಲೆ ಜಗಳ ನಡೆಯಿತು. ಆದರೆ ಒಬ್ಬರ ಮುಖ ಒಬ್ಬರು ನೋಡಿ ಒಂದು ಮಾತೂ ಆಡಲಿಲ್ಲ. ಅತ್ತೆ, ಅಳಿಯ ಎದುರುಬದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅಳಿಯ ಜಗಲಿಯಲ್ಲಿ ಕೂತು ಕಂಬಕ್ಕೆ ಹೇಳಬೇಕು, ಅತ್ತೆ ಬಾಗಿಲ ಹಿಂದೆ ನಿಂತು ಗೋಡೆಗೆ ಉತ್ತರ ಕೊಡಬೇಕು. ಹೀಗಾಗಿ ಇವರು, ಅಂದರೆ ನನ್ನ ಯಜಮಾನರು, ಫೋಟೊ ಹಿಡಿದು ವಾದಕ್ಕಿಳಿದರು.

ಜಗಳದ ವಿಷಯ ನಾನು ಮತ್ತು ನನ್ನ ಕೂಸು. ಚೊಚ್ಚಲ ಹೆರಿಗೆಗೆಂದು ವಯನಾಡಿನ ಮುಳ್ಳನ್‌ಕೊಲ್ಲಿಯಿಂದ ಕಬಿನಿ ದಾಟಿ ಹೆಗ್ಗಡದೇವನಕೋಟೆ ಕಡೆಯ ತವರಿಗೆ ಬಂದಿದ್ದೆ. ಐದನೇ ತಿಂಗಳಿಗೆ ಕೂಸನ್ನು ಎತ್ತಿಕೊಂಡು ಗಂಡನ ಮನೆಗೆ ಹೊರಡುವುದು ಪದ್ಧತಿ. ಅವ್ವ ಕಳಿಸಲಿಲ್ಲ. ಮೊದಲು ಆಷಾಢ ಅಡ್ಡ ಬಂತು, ಆಮೇಲೆ ಅಮಾವಾಸ್ಯೆ, ಆಮೇಲೆ ಕೂಸಿನ ನೆಗಡಿ. ನೆಗಡಿಯೂ ವಾಸಿಯಾಗಿ ಬೇರೆ ನೆಪ ಉಳಿಯದೆ ಹೋದಾಗ ನಿಜ ಹೊರಬಿತ್ತು.

“ಎಳೆಗೂಸ್ನ ಆ ಜ್ವರದ ಕಾಡಿಗೆ ನಾನು ಕಳಿಸಕಿಲ್ಲ.”

ಅವ್ವನ ಒಬ್ಬನೇ ಅಣ್ಣ ವಯನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋಗಿ ಅಲ್ಲೇ ಮಲೇರಿಯಾದಿಂದ ಸತ್ತಿದ್ದ. ಸುದ್ದಿ ಊರು ತಲುಪುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು. ಅವ್ವನ ಪಾಲಿಗೆ ವಯನಾಡು ಅಂದರೆ ಮರ, ಮಳೆ, ಜ್ವರ. ಅದರ ನಡುವೆ ದಿಕ್ಕಿಲ್ಲದೆ ಸತ್ತ ಅಣ್ಣ. ಈಗ ಔಷಧಿ ಹೊಡೆದು ಜ್ವರ ಇಳಿಸಿದ್ದಾರೆ, ಊರು ಬೆಳೆದಿದೆ ಎಂದು ನಾನು ಹೇಳಿದ್ದೆಲ್ಲ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಇವರದು ಮುಳ್ಳನ್‌ಕೊಲ್ಲಿಯಲ್ಲಿ ದಿನಸಿ ಅಂಗಡಿ. ತೋಟ ಮಾರಿ ತಮ್ಮ ದೇಶಕ್ಕೆ ಹೊರಟ ದೊರೆಯೊಬ್ಬರಿಂದ ಒಂದು ಡಬ್ಬಿ ಕ್ಯಾಮೆರಾ ಕೊಂಡಿದ್ದರು. ಅದರ ಮೇಲಿನ ಪ್ರೀತಿಯ ಕಾಲುಭಾಗ ನನ್ನ ಮೇಲಿದ್ದಿದ್ದರೆ ನಾನು ಮಹಾರಾಣಿ! ಫೋಟೊ ಎಂದರೆ ಇವರಿಗೆ ಒಂದೇ ಕಲ್ಪನೆ: ಹೆಸರಾಂತ ಜಾಗವಿರಬೇಕು, ಅದರ ಮುಂದೆ ತಾವು ಸೆಟೆದು ನಿಂತಿರಬೇಕು. ದಾರಿಹೋಕರ ಕೈಗೆ ಕ್ಯಾಮೆರಾ ಕೊಟ್ಟು, ಅಂಗಿಯ ಕೊರಳ ಗುಂಡಿಯನ್ನೂ ಬಿಡದೆ ಹಾಕಿಕೊಂಡು ನಿಲ್ಲುತ್ತಿದ್ದರು.

ವಯನಾಡು ಎಂಥ ಚೆಂದದ ಊರು ಎಂದು ಅತ್ತೆಗೆ ಮನವರಿಕೆ ಮಾಡಲು ಇವರು ಅಂಚೆಯಲ್ಲಿ ಕಳಿಸಿದ ಮೊದಲ ಫೋಟೊ ಲಕ್ಕಿಡಿಯ ಸರಪಳಿ ಮರದ್ದು. ಕಲ್ಲಿಕೋಟೆಯಿಂದ ಘಾಟಿ ಹತ್ತಿ ಬಂದರೆ ರಸ್ತೆಯ ಮಗ್ಗುಲಲ್ಲೇ ಆ ಮರ. ಘಾಟಿಗೆ ದಾರಿ ತೋರಿಸಿದ ಕಾಡಿನವನನ್ನು ಇಂಗ್ಲಿಷ್ ಇಂಜಿನಿಯರೊಬ್ಬ ಕೊಂದನಂತೆ, ಸತ್ತವನು ದೆವ್ವವಾಗಿ ಕಾಡಿದನಂತೆ, ಅವನನ್ನು ಮಂತ್ರವಾದಿಯೊಬ್ಬ ಸರಪಳಿಯಲ್ಲಿ ಆ ಮರಕ್ಕೆ ಬಿಗಿದನಂತೆ. ನೋಡಲು ಜನ ಬರುತ್ತಾರೆ.

“ಮರಕ್ಯಾಕವ್ವ ಸರಪಳಿ ಹಾಕವ್ರೆ? ಓಡೋಯ್ತದಾ?” ಎಂದಳು ಅವ್ವ.

ಫೋಟೊದ ಹಿಂದೆ ಇವರು ಬರೆದದ್ದನ್ನು ನಾನು ಹಿಂದುಮುಂದು ನೋಡದೆ ಗಟ್ಟಿಯಾಗಿ ಓದಿಬಿಟ್ಟೆ: ‘ಇಲ್ಲಿ ದೆವ್ವವನ್ನು ಕಟ್ಟಿಹಾಕಿದ್ದಾರೆ. ಅತ್ತೆಯವರು ಹೆದರಬೇಕಾಗಿಲ್ಲ.’

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರಲ್ಲ! ಅವ್ವ ಕೂಸಿಗೆ ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು. ನನಗೆ ನಗು ತಡೆಯಲಾಗಲಿಲ್ಲ, ಸಿಟ್ಟೂ ಬಂತು.

ಎರಡನೆಯ ಫೋಟೊವನ್ನು ಇವರು ತಾವೇ ತಂದರು. ಎಡಕಲ್ ಗುಹೆ. ಎರಡು ಹೆಬ್ಬಂಡೆಗಳ ನಡುವೆ ಸಿಕ್ಕಿಕೊಂಡ ಮತ್ತೊಂದು ಬಂಡೆ. ಅದರ ಕೆಳಗೆ ಅದೇ ಅಂಗಿ, ಅದೇ ಗುಂಡಿ, ಇವರು.

“ಆ ಕಲ್ಲು ಬಿದ್ರೆ?” ಎಂದಳು ಅವ್ವ ಗೋಡೆಗೆ.

“ಅದು ಹಳೇ ಕಾಲದಿಂದ ಹಂಗೇ ನಿಂತದೆ. ಏನೂ ಕುಳಪ್ಪ ಇಲ್ಲ,” ಎಂದರು ಇವರು ಕಂಬಕ್ಕೆ. ತೊಂದರೆಯಿಲ್ಲ ಎನ್ನಲು ಮುಳ್ಳನ್‌ಕೊಲ್ಲಿ ಕಡೆ ಹೀಗೆ ಮಲಯಾಳ ಬೆರೆಯುತ್ತದೆ.

“ಹಂಗಾದ್ರೆ ಬೀಳೋ ಹೊತ್ತು ಹತ್ರ ಬಂದದೆ.”

ಇವರು ಊಟ ಮುಗಿಸಿ ಬರಿಗೈಯಲ್ಲಿ ಬಸ್ಸು ಹತ್ತಿದರು. ಅಪ್ಪನನ್ನು ಕಂಡು ಆಗತಾನೆ ನಗಲು ಕಲಿತಿದ್ದ ಕೂಸನ್ನು ಎತ್ತಿಕೊಂಡು ಬಸ್ಸು ಮರೆಯಾಗುವವರೆಗೆ ನಿಂತೆ. ಹೀಗೇ ಆದರೆ ಇದು ಅಪ್ಪನನ್ನು ಫೋಟೊದಲ್ಲೇ ನೋಡಿ ಬೆಳೆಯಬೇಕಾಗುತ್ತದೆ ಅನ್ನಿಸಿತು.

ಮಾರನೇ ದಿನ ರಾಗಿ ಕೇರುತ್ತಾ ಅವ್ವ ಗೊಣಗಿದಳು. “ಎಲ್ಲಾದ್ರಲ್ಲೂ ಮರಕ್ಕೆ, ಕಲ್ಲಿಗೆ ಬೆನ್ನು ಹಾಕ್ಕೊಂಡು ನಿಂತವ್ರೆ. ಅವರ ಕಣ್ಣೆದುರಿಗೆ ಏನದೆ ಅಂತ ಯಾರಿಗೆ ಗೊತ್ತು?”

ನಾನು ಆ ಹೊತ್ತೇ ಕಾರ್ಡು ಬರೆದೆ. ‘ಮತ್ತೆ ಲಕ್ಕಿಡಿಗೆ ಹೋಗಿ. ಮರದ ಬುಡದಲ್ಲಿ ನಿಂತು ಎದುರಿಗೆ ಏನು ಕಾಣುತ್ತದೋ ಅದನ್ನು ತೆಗೆಯಿರಿ. ಮರ ಬೇಡ. ದಯವಿಟ್ಟು ನೀವೂ ಬೇಡ.’

ಇವರಿಗೆ ಬೇಜಾರಾಗಿತ್ತು ಎಂದು ಆಮೇಲೆ ತಿಳಿಯಿತು. ಅಷ್ಟು ಹೆಸರಾದ ಮರವನ್ನು ಬಿಟ್ಟು ಎದುರಿನ ಚಾದಂಗಡಿಯ ಫೋಟೊ ತೆಗೆದರೆ ಜನ ನಗುವುದಿಲ್ಲವೇ ಎಂದು ಗೆಳೆಯರೆದುರು ಗೋಳಾಡಿದರಂತೆ. ಆದರೂ ಸರಕು ತರಲು ಕಲ್ಲಿಕೋಟೆಗೆ ಹೋದಾಗ ಹಾಗೇ ತೆಗೆದು ಕಳಿಸಿದರು.

ಆ ಫೋಟೊ ಈಗಲೂ ನನ್ನ ಕಣ್ಣ ಮುಂದಿದೆ. ಘಾಟಿ ಹತ್ತಿ ಸುಸ್ತಾಗಿ ಮೂಗಿನಿಂದ ಹಬೆ ಬಿಡುತ್ತಾ ನಿಂತ ಬಸ್ಸು. ಅದರಿಂದಿಳಿದ ತಿರುವಾಂಕೂರಿನ ಸಂಸಾರಗಳು. ವಯನಾಡಿನಲ್ಲಿ ಕಾಡು ಕಡಿದು ಮೆಣಸು, ಮರಗೆಣಸು ಹಾಕಲು ಬಂದವರು. ಗಂಟುಮೂಟೆ, ಬುಟ್ಟಿಯೊಳಗೆ ಕೋಳಿ, ಬಿಳಿ ಮುಂಡು ಉಟ್ಟ ಹೆಂಗಸರು, ಅವರ ಸೊಂಟದಲ್ಲಿ ಕೂಸುಗಳು. ಚಹಾ ಎತ್ತಿ ಹುಯ್ಯುತ್ತಿದ್ದ ಚಾದಂಗಡಿಯವನ ಕೈ ಮೇಲಕ್ಕೆ ಹೋಗಿತ್ತು, ಚಹಾ ಗಾಳಿಯಲ್ಲೇ ನಿಂತಿತ್ತು.

ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅದನ್ನು ಹೊಸ್ತಿಲ ಬೆಳಕಿಗೆ ಹಿಡಿದು ಕೂತಳು.

“ಇಷ್ಟೊಂದು ಜನವಾ? ಮಕ್ಳನ್ನೂ ಕಟ್ಕೊಂಡು ಬಂದವ್ರಲ್ಲ!”

“ಹೂಂ ಅವ್ವ. ನಮ್ಮ ಪಕ್ಕದ ಮನೆಯವ್ರೂ ಹಿಂಗೇ ಬಂದೋರು.”

ಅವಳ ಬೆರಳು ಫೋಟೊದ ಮೇಲೆ ಮೆಲ್ಲಗೆ ಸರಿಯುತ್ತಾ ಅಂಗಡಿಯ ಬೆಂಚಿನ ಬಳಿ ನಿಂತುಬಿಟ್ಟಿತು. ಬಗ್ಗಿ ನೋಡಿದೆ. ಬೆಂಚಿನ ಮೇಲೆ ಕಂಬಳಿ ಹೊದ್ದು ಮುದುಡಿದ ಒಬ್ಬ ಗಂಡಸು. ಜ್ವರದವನೇ, ಅನುಮಾನವಿರಲಿಲ್ಲ. ಪುಣ್ಯಾತ್ಮರಾದ ನನ್ನ ಯಜಮಾನರು ಕ್ಯಾಮೆರಾದೊಳಗೆ ಬಸ್ಸು ನೋಡಿದ್ದರು, ಅವನನ್ನು ನೋಡಿರಲಿಲ್ಲ. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅವನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಒಂದು ಕೈಯಲ್ಲಿ ಅವನ ತಲೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗ್ಲಾಸನ್ನು ಅವನ ಬಾಯಿಗಿಟ್ಟಿದ್ದಳು.

ಅವ್ವ ಆ ಹೆಂಗಸಿನ ಮೇಲೆ ಬೆರಳಿಟ್ಟಳು.

“ಕುಡಿಸ್ತಾವ್ಳೆ ನೋಡು,” ಎಂದಳು. “ನಮ್ಮಣ್ಣಂಗೂ ಯಾರಾದ್ರೂ ಒಂದು ಗುಟುಕು ಹಿಂಗೆ ಕುಡಿಸಿರ್ತಾರಾ?”

ನನಗೆ ಏನು ಗೊತ್ತು? ಆದರೂ “ಕುಡಿಸಿರ್ತಾರವ್ವ” ಎಂದೆ.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಫೋಟೊವನ್ನು ನನ್ನ ಕೈಗೆ ಕೊಟ್ಟು, ತೊಡೆಯ ಮೇಲಿದ್ದ ಕೂಸನ್ನೂ ಎತ್ತಿ ಕೊಟ್ಟಳು.

“ಹಂಗಾದ್ರೆ ಹೋಗು,” ಎಂದಳು.