ಲೈಬ್ರರಿ ಆಂಟಿಯ ಕ್ಲಿಂಗಾನ್ ಶನಿವಾರಗಳು

ಮೊನ್ನೆ ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಮೈದಾ ಅಂಟು ಕಾಯಿಸಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಜೀವನ್ ಬಿಮಾ ನಗರದ ಆ ಕಾರ್ ಶೆಡ್ಡಿನಲ್ಲಿದ್ದೆ... ತೊಂಬತ್ತರ ದಶಕದ ಕೊನೆ. ಶೆಡ್ಡಿನ ತುಂಬ ಬಾಡಿಗೆ ಪುಸ್ತಕಗಳು, ನಡುವೆ ಹರಿದ ಪುಟಗಳಿಗೆ ಅಂಟು ಬಳಿಯುತ್ತಾ ನಮ್ಮ ಲೈಬ್ರರಿ ಆಂಟಿ.

ಶಿವಾಜಿನಗರದ ಫುಟ್‌ಪಾತಿನಲ್ಲಿ ಅವರಿಗೊಂದು ಕ್ಲಿಂಗಾನ್ ನಿಘಂಟು ಸಿಕ್ಕಿತ್ತು. ಇಂಗ್ಲಿಷ್ ಸಿನಿಮಾದಲ್ಲಿ ಬರುವ ಬೇರೆ ಗ್ರಹದ ಜಗಳಗಂಟರಿಗಾಗಿ ಯಾರೋ ಕೂತು ಕಟ್ಟಿದ ಭಾಷೆ. ಅದರಲ್ಲಿ ನಮಸ್ಕಾರವೇ ಇಲ್ಲ, ಎದುರಾದವರನ್ನು ‘ನುಕ್‌ನೆಖ್?’, ಅಂದರೆ ‘ಏನು ಬೇಕು?’ ಎಂದೇ ಕೇಳಬೇಕು. ಆಂಟಿಗೆ ಇದು ಬಹಳ ಹಿಡಿಸಿತ್ತು. ಪ್ರತಿ ಶನಿವಾರ ಕರಿಹಲಗೆಯ ಮೇಲೆ ಆ ಭಾಷೆಯ ಐದಾರು ವಾಕ್ಯ, ಪಕ್ಕದಲ್ಲಿ ಇಡೀ ವಾಕ್ಯದ ಅರ್ಥ ಬರೆಯುತ್ತಿದ್ದರು. ಯಾವ ಪದಕ್ಕೆ ಯಾವ ಅರ್ಥ ಎಂದು ಪುಸ್ತಕಕ್ಕೆ ಬರುತ್ತಿದ್ದ ಮಕ್ಕಳು ನಾವೇ ಪತ್ತೆ ಹಚ್ಚಬೇಕು. ನಾವು ಕ್ರಿಯಾಪದವನ್ನು ಕೊನೆಯಲ್ಲಿ ಹುಡುಕಿ ಬೇಸ್ತು ಬೀಳುತ್ತಿದ್ದೆವು. ಅಲ್ಲಿ ಕೊನೆಗೆ ಕೂತಿರುತ್ತಿದ್ದದ್ದು ಕರ್ತೃ. ಬಿಡಿಸಿದವರು ಮುಂದಿನ ವಾರಕ್ಕೆ ಹೊಸ ಒಗಟು ಕಟ್ಟಿ ತರಬೇಕು, ಅದು ಶೆಡ್ಡಿನ ಕಾನೂನು.

ನನ್ನ ಸರದಿ ಬಂದ ವಾರವೇ ಅಪ್ಪ ನನ್ನ ಒಗಟಿನ ನೋಟ್‌ಬುಕ್ ಕಿತ್ತಿಟ್ಟುಕೊಂಡರು. ಎಸ್ಸೆಸ್ಸೆಲ್ಸಿ ವರ್ಷ. ನಾನು ಬರಲಿಲ್ಲವೆಂದು ಆಂಟಿ ಲೈಬ್ರರಿಗೆ ಬೀಗ ಹಾಕಿ ನಮ್ಮ ಗೇಟಿಗೇ ಬಂದರು.

“ಮಾತಾಡೋರೇ ಇಲ್ದಿರೋ ಭಾಷೆ ರೀ ಅದು. ಏನ್ ಪ್ರಯೋಜನ?” ಅಪ್ಪ ಗೇಟು ತೆಗೆಯಲಿಲ್ಲ.

“ನೀವು ಸಂಜೆ ಕ್ಯಾರಂ ಆಡ್ತೀರಲ್ಲ ಸಾರ್, ಅದ್ರಿಂದ ಏನ್ ಪ್ರಯೋಜನ? ನಮ್ಮನೇಲಿ ಮಾತಾಡೋ ದಖ್ನಿ ಉರ್ದುನೂ ಭಾಷೆನೇ ಅಲ್ಲ ಅಂದೋರಿದ್ದಾರೆ. ನಾನ್ ಬಿಟ್ನಾ?” ಎಂದ ಆಂಟಿ ನನ್ನತ್ತ ತಿರುಗಿ, “ನುಕ್‌ನೆಖ್?” ಎಂದರು.

“ನೋಟ್‌ಬುಕ್ ಬೇಕು,” ಎಂದೆ. ಅಪ್ಪನಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಮುಖ ಗಂಟಿಕ್ಕಿಕೊಂಡೇ ಒಳಗೆ ಹೋಗಿ ತಂದುಕೊಟ್ಟರು. ಎರಡು ದಿನ ಮಾತು ಬಿಟ್ಟರು. ಬಿಡಲಿ ಎಂದುಕೊಂಡೆ.

ಮುಂದೆ ಶೆಡ್ಡು ಕೆಡವಿದರು. ಆಂಟಿ ಕುಕ್ ಟೌನಿನ ಅಕ್ಕನ ಮನೆ ಸೇರಿದರು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಇದ್ದೆ... ಹೋಗುವಷ್ಟರಲ್ಲಿ ಅವರು ತೀರಿಕೊಂಡು ವರ್ಷವಾಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ಅದು ಇನ್ನೂ ಹೋಗಿಲ್ಲ.

ಕ್ಲಿಂಗಾನಿನಿಂದ ನನಗೆ ಕೆಲಸ ಸಿಗಲಿಲ್ಲ, ಬಡ್ತಿ ಸಿಗಲಿಲ್ಲ. ಏನು ಪ್ರಯೋಜನ ಎಂದು ಈಗ ಗಂಡನ ಮನೆಯವರೂ ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ, ತಲೆ ತಗ್ಗಿಸದೆ. ಹಾಗೆ ಹೇಳಿ ಹೊಸ ಒಗಟು ಕಟ್ಟಲು ಕೂರುತ್ತೇನೆ. ತಪ್ಪಿದ್ದರೆ ತಿದ್ದುವವರು ಮಾತ್ರ ಈ ಊರಲ್ಲಿ ಈಗ ಯಾರೂ ಇಲ್ಲ.